ಚೀನಾದ ಶಾಲೆಗೆ ಇಂಗ್ಲಿಷ್ ಮಾಸ್ತರಾಗಿ ಹೊರಟವರಿಗೆ

ಚೀನಾದಲ್ಲಿ ಇಂಗ್ಲಿಷ್ ಕಲಿಸುವ ಕೆಲಸದ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿನಿಂದಲೂ ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿ ಉತ್ತರಿಸಿದ್ದೇವೆ.

ಅಂಕೋಲಾದ ಓದುಗರು: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಇಂಗ್ಲಿಷಿನಲ್ಲಿ ಬಿ.ಎ., ಆಮೇಲೆ ಬಿ.ಎಡ್. ಮಾಡಿದ್ದೇನೆ. ‘ಮೊದಲು ವ್ಯಾಪಾರದ ವೀಸಾದಲ್ಲಿ ಹೋಗಿ, ಅಲ್ಲೇ ಬದಲಾಯಿಸಿ ಕೊಡುತ್ತೇವೆ’ ಎನ್ನುವ ಏಜೆಂಟರೊಬ್ಬರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಚೀನಾ ವೀಸಾದ ಮೇಲೆ ಒಂದು ಅಕ್ಷರ ಇರುತ್ತದೆ. ಝೆಡ್ ಅಂದರೆ ಕೆಲಸ, ಎಂ ಅಂದರೆ ವ್ಯಾಪಾರ, ಎಲ್ ಅಂದರೆ ಪ್ರವಾಸ, ಎಕ್ಸ್ ಅಂದರೆ ಓದು. ಮಾಸ್ತರಿಕೆಗೆ ಬೇಕಾದದ್ದು ಝೆಡ್. ಎಂ ವೀಸಾದಲ್ಲಿ ಹೋಗಿ ತರಗತಿಯಲ್ಲಿ ನಿಂತರೆ ಅದು ಕಾನೂನುಬಾಹಿರ ಉದ್ಯೋಗ. 2013ರ ಜುಲೈ 1ರಿಂದ ಜಾರಿಯಲ್ಲಿರುವ ಅಲ್ಲಿನ ಪ್ರವೇಶ-ನಿರ್ಗಮನ ಕಾಯ್ದೆಯಂತೆ ಇದಕ್ಕೆ 5,000ದಿಂದ 20,000 ಯುವಾನ್ ದಂಡ. ಪ್ರಕರಣ ಗಂಭೀರವಾದರೆ ಜೊತೆಗೆ 5ರಿಂದ 15 ದಿನ ಬಂಧನ. ಊರಿಗೆ ವಾಪಸು ಕಳಿಸಲೂಬಹುದು. ಆಗ ಏಜೆಂಟರ ಫೋನು ಹತ್ತುವುದಿಲ್ಲ.

ಇನ್ನೊಂದು ವಿಷಯವನ್ನೂ ನೇರವಾಗಿಯೇ ಹೇಳಬೇಕು. ಭಾಷಾ ಶಿಕ್ಷಕರು ಆ ಭಾಷೆ ತಾಯ್ನುಡಿಯಾಗಿರುವ ದೇಶದ ಪ್ರಜೆಗಳಾಗಿರಬೇಕು ಎನ್ನುವುದು ಅಲ್ಲಿನ ನಿಯಮ. ಇಂಗ್ಲಿಷಿಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿರಲಿ, ಭಾರತದ ಪಾಸ್‌ಪೋರ್ಟ್ ಮತ್ತು ಇಲ್ಲಿನ ಪದವಿಗೆ ‘ಇಂಗ್ಲಿಷ್ ಶಿಕ್ಷಕ’ ಎಂಬ ಪರವಾನಗಿ ಸಿಗುವುದು ತೀರಾ ಕಷ್ಟ. ಇದು ಅನ್ಯಾಯ ಅಂತಲೇ ನಮಗೂ ಅನಿಸುತ್ತದೆ, ಆದರೆ ನಿಯಮ ಹಾಗಿದೆ. ಅದರ ಮೇಲೆ, 2021ರ ಜುಲೈನಲ್ಲಿ ಶಾಲಾ ಮಕ್ಕಳ ಟ್ಯೂಷನ್ನಿಗೆ ಸರ್ಕಾರ ಕಡಿವಾಣ ಹಾಕಿದ ಮೇಲೆ ಇಂಗ್ಲಿಷ್ ಕೋಚಿಂಗ್ ಕೇಂದ್ರಗಳು ಸಾಲುಸಾಲಾಗಿ ಮುಚ್ಚಿದವು. ಹೊರದೇಶದಲ್ಲಿ ಕೂತು ಅಲ್ಲಿನ ಮಕ್ಕಳಿಗೆ ಆನ್‌ಲೈನಿನಲ್ಲಿ ಕಲಿಸುವ ದಾರಿಯೂ ಆಗಲೇ ಬಂದ್ ಆಯಿತು.

ನಮ್ಮವರಿಗೆ ತೆರೆದಿರುವ ಬಾಗಿಲು ಅಂತರರಾಷ್ಟ್ರೀಯ ಶಾಲೆಗಳಲ್ಲಿ ಗಣಿತ, ವಿಜ್ಞಾನದಂಥ ವಿಷಯಗಳನ್ನು ಇಂಗ್ಲಿಷಿನಲ್ಲಿ ಕಲಿಸುವುದು. ಅದಕ್ಕೆ ಆ ವಿಷಯದ ಪದವಿ ಇರಬೇಕು, ಪದವಿಯ ನಂತರ ಕನಿಷ್ಠ ಎರಡು ವರ್ಷ ಪಾಠ ಹೇಳಿರಬೇಕು.

ಸಿರ್ಸಿಯ ಗಣಿತ ಶಿಕ್ಷಕರು: ಅಂಥದೇ ಒಂದು ಶಾಲೆಯಿಂದ ಕರೆ ಬಂದಿದೆ. ಕಾಗದಪತ್ರಗಳನ್ನು ಯಾವ ಕ್ರಮದಲ್ಲಿ ಮಾಡಿಸಬೇಕು? ದಾಖಲೆ ಅಸಲಿ ಎಂದು ನಮ್ಮ ಸರ್ಕಾರ ಒಂದೇ ಸಲ ಒತ್ತಿಕೊಡುವ ಅಪೋಸ್ಟಿಲ್ ಮುದ್ರೆ ಸಾಕು ಎನ್ನುತ್ತಾರಲ್ಲ?

ಉತ್ತರ: ಸಾಲದು. ಚೀನಾ ಅಪೋಸ್ಟಿಲ್ ಒಪ್ಪಂದಕ್ಕೆ ಸೇರಿ ಅದು 2023ರ ನವೆಂಬರ್ 7ರಿಂದ ಜಾರಿಗೆ ಬಂದದ್ದು ನಿಜ. ಆದರೆ ಭಾರತ-ಚೀನಾ ನಡುವೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಹಳೆಯ ಮೂರು ಮೆಟ್ಟಿಲುಗಳನ್ನೇ ಹತ್ತಬೇಕು: ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ದೆಹಲಿಯ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಚೀನಾ ರಾಯಭಾರ ಕಚೇರಿಯದು. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವೆಯ ಮೂಲಕ ಅರ್ಜಿ ಹಾಕಿ, ಅದಕ್ಕೂ ಮುದ್ರೆ ಹಾಕಿಸಬೇಕು. ಪದವಿಯದನ್ನು ಮೊದಲು ಮುಗಿಸಿ, ಪೊಲೀಸರದನ್ನು ಕೊನೆಗೆ ಇಟ್ಟುಕೊಳ್ಳಿ. ಆರು ತಿಂಗಳಿಗಿಂತ ಹಳೆಯದಾದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ನಮ್ಮ ಜಿಲ್ಲೆಯವರ ಅರ್ಜಿ ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಜಿ. ಎಸ್. ಹೆಗಡೆ’, ಪದವಿಯಲ್ಲಿ ‘ಗಣಪತಿ ಹೆಗಡೆ’, ಪಾಸ್‌ಪೋರ್ಟಿನಲ್ಲಿ ‘ಗಣಪತಿ ಸುಬ್ರಾಯ ಹೆಗಡೆ’ ಎಂದಿದ್ದರೆ ಇಲ್ಲಿ ಯಾರೂ ಕೇಳುವುದಿಲ್ಲ, ಅಲ್ಲಿ ಮೂವರು ಬೇರೆ ಬೇರೆ ಮನುಷ್ಯರಾಗುತ್ತಾರೆ. ಮುದ್ರೆ ಹಾಕಿಸುವ ಮೊದಲೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ಅಕ್ಷರ ಅಕ್ಷರ ಹೋಲಿಸಿ. ವ್ಯತ್ಯಾಸ ಕಂಡರೆ ಮೂವರೂ ಒಬ್ಬರೇ ಎಂಬ ಅಫಿಡವಿಟ್ ಮಾಡಿಸಿ, ಅದನ್ನು ಒಪ್ಪುತ್ತಾರೆಯೇ ಎಂದು ಶಾಲೆಯನ್ನು ಮೊದಲೇ ಕೇಳಿ. ಅನುಭವ ಪತ್ರ ಲೆಟರ್‌ಹೆಡ್ಡಿನಲ್ಲಿರಲಿ. ಸೇರಿದ ದಿನ, ಬಿಟ್ಟ ದಿನ, ಕಲಿಸಿದ ವಿಷಯ, ಸಹಿ, ಸೀಲು ಎಲ್ಲ ಬೇಕು.

ಇವಿಷ್ಟರ ಪ್ರತಿ ಕೈಗೆ ಬಂದ ಮೇಲೆ ಶಾಲೆ ಅಲ್ಲಿ ಅರ್ಜಿ ಹಾಕಿ ಕೆಲಸದ ಪರವಾನಗಿಯ ಸೂಚನಾಪತ್ರ ಕಳಿಸುತ್ತದೆ. ಅದಿಲ್ಲದೆ ಝೆಡ್ ವೀಸಾ ಇಲ್ಲ. ಪತ್ರದಲ್ಲಿರುವ ಸಂಸ್ಥೆಯ ಹೆಸರೂ ಕರಾರಿನಲ್ಲಿರುವ ಹೆಸರೂ ಒಂದೇ ಆಗಿದೆಯೇ ನೋಡಿ. ‘ವಾರಕ್ಕೆ ಎರಡು ದಿನ ನಮ್ಮ ಇನ್ನೊಂದು ಸಂಸ್ಥೆಗೂ ಹೋಗಿ’ ಎಂದರೆ ಅದು ಪರವಾನಗಿಯ ಹೊರಗಿನ ಕೆಲಸ, ಅದಕ್ಕೂ ಅದೇ ದಂಡ.

ಇಳಿದ ಮೇಲೆ ಎರಡು ಗಡುವುಗಳಿವೆ. ಬಾಡಿಗೆ ಮನೆಯಲ್ಲೋ ಶಾಲೆಯ ವಸತಿಯಲ್ಲೋ ಉಳಿದರೆ 24 ಗಂಟೆಯೊಳಗೆ ಪೊಲೀಸ್ ನೋಂದಣಿ ಆಗಬೇಕು. ಹೋಟೆಲಾದರೆ ಅವರೇ ಮಾಡುತ್ತಾರೆ. 30 ದಿನದೊಳಗೆ ನಿವಾಸ ಪರವಾನಗಿಗೆ ಅರ್ಜಿ ಹೋಗಬೇಕು. ಅದಕ್ಕೂ ಮೊದಲು ವೈದ್ಯಕೀಯ ತಪಾಸಣೆ, ಕೆಲಸದ ಪರವಾನಗಿ ಎರಡೂ ಮುಗಿದಿರಬೇಕು, ಆದ್ದರಿಂದ ಮೊದಲ ವಾರದಲ್ಲೇ ತಪಾಸಣೆಗೆ ಹೋಗಿ. ರಕ್ತ, ಎದೆಯ ಎಕ್ಸ್‌ರೇ, ಇಸಿಜಿ ನೋಡುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಗಡುವು ಮೀರಿ ಉಳಿದರೆ ದಿನಕ್ಕೆ 500 ಯುವಾನ್, ಗರಿಷ್ಠ 10,000 ಯುವಾನ್‌ವರೆಗೆ ದಂಡ ಬೀಳಬಹುದು.

ಕೈಯಲ್ಲಿ ದುಡ್ಡೂ ಇರಲಿ. ಮನೆ ಬಾಡಿಗೆಗೆ ಒಂದು ತಿಂಗಳ ಠೇವಣಿ, ಮೂರು ತಿಂಗಳ ಮುಂಗಡ ಎನ್ನುವುದು ಅಲ್ಲಿನ ರೂಢಿ. ಬಾಡಿಗೆ 2,500 ಯುವಾನ್ ಆದರೆ ಬೀಗದ ಕೈ ಸಿಗುವ ಹೊತ್ತಿಗೆ 10,000 ಹೋಗಿರುತ್ತದೆ, ಮೊದಲ ಸಂಬಳ ಇನ್ನೂ ಬಂದಿರುವುದಿಲ್ಲ. ಕೆಲಸ ಬಿಡುವಾಗ ಬಿಡುಗಡೆ ಪತ್ರ ಪಡೆದು, ಪರವಾನಗಿ ರದ್ದುಮಾಡಿಸಿದ ದಾಖಲೆ ಇಟ್ಟುಕೊಳ್ಳಿ. ಅವೆರಡಿಲ್ಲದೆ ಮುಂದಿನ ಶಾಲೆ ಸೇರಿಸಿಕೊಳ್ಳಲು ಆಗುವುದಿಲ್ಲ.

ಕುಮಟಾದ ತಾಯಿಯೊಬ್ಬರು: ನಮ್ಮ ಮಾಣಿ ಹೋಗಿ ಹತ್ತು ದಿನ ಆತು, ವಾಟ್ಸ್ಯಾಪಿಗೆ ಉತ್ತರವೇ ಇಲ್ಲೆ. ಏನು ಮಾಡಬೇಕು?

ಉತ್ತರ: ಗಾಬರಿಯಾಗಬೇಡಿ ಅಮ್ಮ. ಅಲ್ಲಿ ವಾಟ್ಸ್ಯಾಪ್, ಜಿಮೇಲ್, ಯೂಟ್ಯೂಬ್ ನಡೆಯುವುದಿಲ್ಲ. ಅದರ ಬದಲು ಅಲ್ಲಿಯವರು ಬಳಸುವ ವಿಚ್ಯಾಟ್ ಇಲ್ಲಿ 2020ರ ಜೂನಿನಿಂದ ನಿಷೇಧದಲ್ಲಿದೆ. ಹೀಗಾಗಿ ಎರಡೂ ಕಡೆ ಮಾತು ಕಟ್ಟಿಹೋಗಿದೆ. ಇವತ್ತೇ ಅವನ ಅಲ್ಲಿನ ನಂಬರಿಗೆ, ಮೊದಲು 0086 ಸೇರಿಸಿ, ಐಎಸ್‌ಡಿ ಮಾಡಿ. ನಂಬರ್ ಇಲ್ಲದಿದ್ದರೆ ಶಾಲೆಗೆ ಮಾಡಿ. ಅವನ ಇಲ್ಲಿನ ಸಿಮ್ಮಿನಲ್ಲಿ ರೋಮಿಂಗ್ ಪ್ಯಾಕ್ ಹಾಕಿಸಿದರೆ ಡೇಟಾ ಭಾರತದ ಕಂಪನಿಯ ಮೂಲಕವೇ ಹರಿಯುವುದರಿಂದ ಅದರಲ್ಲಿ ವಾಟ್ಸ್ಯಾಪ್ ಬರುತ್ತದೆ. ದುಬಾರಿ, ವಾರಕ್ಕೊಮ್ಮೆ ಮಾತಿಗೆ ಸಾಕು. ಬ್ಯಾಂಕಿನ ಓಟಿಪಿ ಬರುವುದೂ ಆ ಸಿಮ್ಮಿಗೇ, ಅದನ್ನು ಸಾಯಲು ಬಿಡಬಾರದು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನಿಮ್ಮ ರಾತ್ರಿ ಎಂಟೂವರೆಗೆ ಅವನಿಗೆ ಹನ್ನೊಂದು, ದೀಪ ಹಚ್ಚುವ ಹೊತ್ತಿಗೇ ಮಾತಾಡಿ ಮುಗಿಸಿ.

ಕಾರವಾರದ ಓದುಗರು: ಬ್ರಿಟಿಷ್ ಪ್ರಜೆಯಾದ ನನ್ನ ತಂಗಿ ಹುನಾನ್ ಪ್ರಾಂತ್ಯದ ಚಾಂಗ್‌ಶಾದಲ್ಲಿ ಇಂಗ್ಲಿಷ್ ಅಕ್ಕೋರು. ತರಗತಿಯಲ್ಲಿ 45 ಮಕ್ಕಳು, ಯಾರೂ ಬಾಯಿ ಬಿಡುವುದಿಲ್ಲವಂತೆ. ಸಸ್ಯಾಹಾರದ್ದೂ ಕಷ್ಟವಂತೆ.

ಉತ್ತರ: ಮಕ್ಕಳಿಗೆ ಗೊತ್ತಿಲ್ಲ ಅಂತಲ್ಲ, ಎಲ್ಲರೆದುರು ತಪ್ಪಿದರೆ ಮಾನ ಹೋಗುತ್ತದೆ ಎಂಬ ಅಂಜಿಕೆ. ಒಬ್ಬರನ್ನು ಎಬ್ಬಿಸಿ ಕೇಳುವುದನ್ನು ಮೊದಲ ತಿಂಗಳು ಬಿಡಲಿ. 40 ನಿಮಿಷದ ಪಿರಿಯಡ್ಡಿನಲ್ಲಿ ಐದು ನಿಮಿಷ ಎಲ್ಲರೂ ಒಟ್ಟಿಗೆ ಹೇಳುವುದು, ಆಮೇಲೆ ಹತ್ತು ನಿಮಿಷ ಪಕ್ಕದವರ ಜೊತೆ ಮಾತು, ಅದಾದ ಮೇಲೇ ಕೈ ಎತ್ತಿದವರಿಂದ ಉತ್ತರ. ಜೋಡಿ ಮಾತಿಗೆ ಎರಡೇ ವಾಕ್ಯ ಕೊಡಲಿ. ಹತ್ತು ಕೊಟ್ಟರೆ ಚೀನೀಯಲ್ಲಿ ಹರಟೆ ಶುರುವಾಗುತ್ತದೆ.

ತಪ್ಪುಗಳಿಗೆ ಕಾರಣ ಅವರ ಭಾಷೆಯಲ್ಲೇ ಇದೆ. ಮಾತಿನಲ್ಲಿ ಅವನಿಗೂ ಅವಳಿಗೂ ‘ತಾ’ ಎಂಬ ಒಂದೇ ಶಬ್ದ, ಅದಕ್ಕೇ ‘ಹಿ’, ‘ಶಿ’ ಅದಲುಬದಲು. ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಆದ್ದರಿಂದ ‘ಯೆಸ್ಟರ್‌ಡೇ ಐ ಗೋ’. ಚೀನೀ ಪದಗಳು ‘ಗ್’, ‘ಡ್’, ‘ಟ್’ಗಳಲ್ಲಿ ಮುಗಿಯುವುದಿಲ್ಲ, ಹಾಗಾಗಿ ‘ಬಿಗ್’ ಎನ್ನುವಾಗ ಕೊನೆಗೊಂದು ಸ್ವರ ಅಂಟುತ್ತದೆ. ನಾವು ಬಸ್ಸು, ಬುಕ್ಕು ಎನ್ನುವುದಿಲ್ಲವೇ, ಹಾಗೆಯೇ. ಕೊನೆಯಕ್ಷರವನ್ನು ಒತ್ತಿ ಹೇಳಿಕೊಟ್ಟರೆ ಆ ಸ್ವರ ಇನ್ನೂ ಬಲಿಯುತ್ತದೆ. ಬದಲಿಗೆ ಮುಂದಿನ ಪದಕ್ಕೆ ಹೊಂದಿಸಲಿ: ‘ಬಿಗ್ ಎಗ್’ ಅನ್ನು ‘ಬಿ-ಗೆಗ್’ ಎಂದು ಒಂದೇ ಉಸಿರಿಗೆ. ಹುನಾನಿನ ಮಕ್ಕಳಲ್ಲಿ ‘ನ’, ‘ಲ’ ಕೂಡ ಬೆರೆಯುತ್ತವೆ. ಮೂಗು ಹಿಡಿದು ಹೇಳಿಸಿದರೆ ‘ನ’ ಕಟ್ಟುತ್ತದೆ, ‘ಲ’ ಸರಾಗವಾಗಿ ಬರುತ್ತದೆ. ವ್ಯತ್ಯಾಸ ಮಕ್ಕಳಿಗೇ ತಿಳಿಯುತ್ತದೆ.

ಊಟದ್ದು: ‘ವೋ ಚ್ ಸು’, ನಾನು ಸಸ್ಯಾಹಾರಿ, ಎಂದಷ್ಟೇ ಹೇಳಿದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಹಂದಿಕೊಬ್ಬು, ಕೋಳಿಸಾರು, ಸಿಂಪಿಯ ಸಾಸು ಬೀಳುತ್ತದೆ. ಈ ಮೂರೂ ಬೇಡವೆಂದು ಚೀನೀ ಲಿಪಿಯಲ್ಲಿ ಬರೆಸಿದ ಚೀಟಿ ಪರ್ಸಿನಲ್ಲಿರಲಿ. ಬಟಾಟೆ, ಬದನೆ, ದೊಣ್ಣಮೆಣಸು ಹುರಿದ ‘ದಿ ಸಾನ್ ಶ್ಯೆನ್’ ಅನ್ನಕ್ಕೆ ಹೊಂದುತ್ತದೆ. ಬೌದ್ಧ ದೇವಸ್ಥಾನಗಳ ಹತ್ತಿರದ ಸಸ್ಯಾಹಾರಿ ಖಾನಾವಳಿಯಲ್ಲಿ ಚೀಟಿಯೇ ಬೇಡ, ಅಲ್ಲಿ ಬೆಳ್ಳುಳ್ಳಿ-ಈರುಳ್ಳಿಯನ್ನೂ ಹಾಕದಿರುವುದು ಸಾಮಾನ್ಯ. ಊರಿಂದ ತುಪ್ಪ ಕಳಿಸುವ ಯೋಚನೆ ಬಿಡಿ. ಬೆಣ್ಣೆಯಂಥ ಹಾಲಿನ ಪದಾರ್ಥ, ಹಸಿ ಹಣ್ಣು, ತರಕಾರಿ, ಬೀಜಗಳನ್ನು ಕಸ್ಟಮ್ಸ್‌ನವರು ತೆಗೆದಿಟ್ಟುಕೊಳ್ಳುತ್ತಾರೆ. ಅಡಿಕೆಗೆ ಮಾತ್ರ ಚಾಂಗ್‌ಶಾದಲ್ಲಿ ಬರವಿಲ್ಲ: ಎಳೆಯ ಕಾಯಿಯನ್ನು ಸಿಪ್ಪೆ ಸಮೇತ ಸಂಸ್ಕರಿಸಿ, ಸಿಹಿ ಸೇರಿಸಿ ಪೊಟ್ಟಣದಲ್ಲಿ ಮಾರುತ್ತಾರೆ. ಎಲೆ-ಸುಣ್ಣದ ರುಚಿ ಅದರಲ್ಲಿ ಸಿಗದು.