ಕದ್ದದ್ದೇ, ಕೊಟ್ಟದ್ದೇ?

ಕುಂದಾಪುರದ ಓದುಗರಿಗೆ ನಮಸ್ಕಾರ.

ಹೋದ ಸಂಚಿಕೆಯಲ್ಲಿ 'ಹೋರ್ಟಸ್ ಮಲಬಾರಿಕಸ್' ಬಗ್ಗೆ, ಅಂದರೆ ಕೇರಳದ ಮಲಬಾರ್ ಕರಾವಳಿಯ ಗಿಡಮರಗಳನ್ನು ಕುರಿತು ಡಚ್ಚರು ಲ್ಯಾಟಿನ್‌ನಲ್ಲಿ ಅಚ್ಚು ಹಾಕಿಸಿದ ಹಳೆಯ ಗ್ರಂಥದ ಬಗ್ಗೆ ಬರೆಯುತ್ತಾ ನಾವು 'ಜ್ಞಾನದ ಕೊಡುಕೊಳ್ಳುವಿಕೆ' ಎಂದದ್ದು ನಿಮಗೆ ಸರಿ ಕಂಡಿಲ್ಲ. 'ನಮ್ಮವರ ವೈದ್ಯವನ್ನು ಡಚ್ಚರು ಕದ್ದರು ಎನ್ನಲು ಹಿಂಜರಿಕೆ ಯಾಕೆ?' ಎಂದು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ಬರೀ ಕಳ್ಳತನ ಅಂದುಬಿಟ್ಟರೆ, ಆ ಪುಸ್ತಕದಲ್ಲಿ ಎದೆ ಸೆಟೆಸಿ ನಿಂತಿರುವ ವೈದ್ಯರನ್ನೇ ನಾವು ಮರೆತಂತೆ, ಅಲ್ವಾ?

1663ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. ಮುಂದೆ ಅಲ್ಲಿ ಅಧಿಕಾರಿಯಾದ ಹೆಂಡ್ರಿಕ್ ವಾನ್ ರೀಡೆಗೆ ಗಿಡಮರಗಳೆಂದರೆ ಪ್ರೀತಿ. ಜೊತೆಗೆ ಕಂಪನಿಯ ಲೆಕ್ಕಾಚಾರವೂ ಇತ್ತು. ಯುರೋಪಿನಿಂದ ಹಡಗಿನಲ್ಲಿ ಔಷಧಿ ತರಿಸುವ ಬದಲು ಇಲ್ಲಿನ ಗಿಡವನ್ನೇ ಬಳಸಬಹುದಿತ್ತು. ಆದರೆ ಯಾವ ಗಿಡ ಯಾವ ಕಾಯಿಲೆಗೆ ಎಂಬುದು ಗೊತ್ತಿದ್ದದ್ದು ಇಲ್ಲಿಯವರಿಗೆ. ಅವರನ್ನು ಸೇರಿಸಿಕೊಂಡೇ ವಾನ್ ರೀಡೆ ಈ ಪುಸ್ತಕ ಮಾಡಿಸಿದ.

ಇಟ್ಟಿ ಅಚ್ಯುತನ್, ಆಗ ಕೆಳಜಾತಿ ಎನ್ನಿಸಿಕೊಂಡಿದ್ದ ಈಳವ ಸಮುದಾಯದ ನಾಟಿ ವೈದ್ಯರು. ಮನೆತನದ ಗ್ರಂಥದಲ್ಲಿದ್ದ ಗಿಡಗಳ ಹೆಸರು, ಗುಣಗಳನ್ನು ಅವರು ಹೇಳಿ ಬರೆಸಿದರು. ಕೊಚ್ಚಿಯ ಕೊಂಕಣಿ ಪಂಡಿತರಾದ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಕೂಡ ಕೆಲಸದಲ್ಲಿದ್ದರು. ಮಲಯಾಳದ ಮಾತು ಮೊದಲು ಪೋರ್ಚುಗೀಸಿಗೆ, ಕೊನೆಗೆ ಲ್ಯಾಟಿನ್‌ಗೆ ಹೋಯಿತು. 1678ರಿಂದ 1693ರ ತನಕ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳು ಅಚ್ಚಾದವು. 700ಕ್ಕೂ ಜಾಸ್ತಿ ಗಿಡಗಳು!

ಇವರೆಲ್ಲ ಈ ಪುಸ್ತಕಕ್ಕೆ ತಾವು ಮಾಡಿದ ಕೆಲಸದ ಬಗ್ಗೆ 1675ರ ಏಪ್ರಿಲ್‌ನಲ್ಲಿ ಬರೆದುಕೊಟ್ಟ ಹೇಳಿಕೆಗಳು ಮೊದಲ ಸಂಪುಟದಲ್ಲೇ ಇವೆ. ಅಚ್ಯುತನ್ ಅವರದು ಮಲಯಾಳಂನಲ್ಲಿ, ಹಳೆಯ ಕೋಲೆಳುತ್ತು ಲಿಪಿಯಲ್ಲಿ. ಪಂಡಿತರದು ಕೊಂಕಣಿಯಲ್ಲಿ, ನಾಗರಿಯಲ್ಲಿ. ಜಾತಿಯ ಕಟ್ಟು ಅಷ್ಟು ಬಿಗಿಯಾಗಿದ್ದ ಕಾಲ ಅದು. ಆಗ ಈಳವ ವೈದ್ಯರೊಬ್ಬರ ಮಾತು ಬ್ರಾಹ್ಮಣ ಪಂಡಿತರ ಮಾತಿನ ಜೊತೆ ಅಚ್ಚಾಯಿತಲ್ಲ, ಇದು ನನಗೆ ಬಹಳ ದೊಡ್ಡದು. ಕದ್ದವರು ಹೀಗೆ ಹೆಸರು ಹಾಕುವುದಿಲ್ಲ.

ಹಾಗಂತ ಎಲ್ಲ ಸರಿಯಾಗಿತ್ತು ಎನ್ನುತ್ತಿಲ್ಲ. ಅನ್ಯಾಯ ಆದದ್ದು ಆಮೇಲೆ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳನ್ನು ವಿಂಗಡಿಸುವಾಗ ಈ ಸಂಪುಟಗಳನ್ನು ನಂಬಿಕೊಂಡರು. ಯುರೋಪಿನ ಸಸ್ಯವಿಜ್ಞಾನ ಬೆಳೆಯಿತು. ಇತ್ತ ಮಲಬಾರಿನ ವೈದ್ಯರ ಕೈಗೆ ಪುಸ್ತಕ ಸಿಕ್ಕಿದ್ದರೂ ಲ್ಯಾಟಿನ್ ಓದುವವರು ಯಾರು? ಕೇರಳದ ಸಸ್ಯವಿಜ್ಞಾನಿ ಕೆ.ಎಸ್. ಮಣಿಲಾಲ್ ದಶಕಗಟ್ಟಲೆ ದುಡಿದ ಮೇಲೆ 2003ರಲ್ಲಿ ಇಂಗ್ಲಿಷಿಗೆ, 2008ರಲ್ಲಿ ಮಲಯಾಳಂಗೆ ಅದು ಬಂತು. ಹೇಳಿದವರ ಭಾಷೆಗೆ ಮರಳಲು 300 ವರ್ಷ ಮೀರಿತು. ನಿಮ್ಮ ಸಿಟ್ಟು ಇದರ ಮೇಲಾದರೆ ನಾನೂ ನಿಮ್ಮ ಜೊತೆ.

ಮೂಲ ಸಂಪುಟಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಆ ನಾಗರಿ ಪುಟವನ್ನು ನಿಮ್ಮೂರಿನ ಕೊಂಕಣಿ ಮಾತನಾಡುವ ಹಿರಿಯರಿಗೆ ತೋರಿಸಿ. ಅವರಿಗೆ ಎಷ್ಟು ಅರ್ಥವಾಯಿತು ಎಂದು ನಮಗೂ ಬರೆಯಿರಿ.

– ಸಂಪಾದಕ