ನಲ್ಲಿ ನೀರಿನ ರುಚಿ ಕೆಟ್ಟಿದ್ದರೆ ಮೊದಲು ಸಂಪು ನೋಡಿ

ಪ್ರಶ್ನೆ: ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಸಾಲದಾದಾಗ ಕೊಳವೆಬಾವಿಯ ನೀರನ್ನೂ ಅದೇ ಸಂಪಿಗೆ ಬಿಡುತ್ತೇವೆ. ಕೆಲವು ದಿನ ನೀರಿಗೆ ಔಷಧಿಯ ವಾಸನೆ, ಕೆಲವು ದಿನ ಉಪ್ಪುಪ್ಪು ರುಚಿ. ಕಾಫಿ ಕೆಡುತ್ತಿದೆ, ಬೇಳೆಯೂ ಬೇಗ ಬೇಯುವುದಿಲ್ಲ. ನೀರಿನಲ್ಲಿ ಕರಗಿದ ಲವಣಗಳನ್ನೂ ಸೋಸಿ ತೆಗೆಯುವ ಆರ್‌ಓ ಯಂತ್ರ ಕೊಳ್ಳಲೇಬೇಕೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಯಂತ್ರದ ಮಾತು ಆಮೇಲಿರಲಿ, ರುಚಿ ಎಲ್ಲಿ ಕೆಡುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಕಾವೇರಿ ನೀರು ಬರುವ ದಿನ, ಅದು ಸಂಪಿಗೆ ಬೀಳುವ ಮುನ್ನವೇ ಒಂದು ಲೋಟ, ಕೊಳವೆಬಾವಿಯಿಂದ ನೇರವಾಗಿ ಒಂದು ಲೋಟ, ಅಡುಗೆಮನೆಯ ನಲ್ಲಿಯಿಂದ ಒಂದು ಲೋಟ ಹಿಡಿದು, ಮೂರನ್ನೂ ಮೂಸಿ ಹೋಲಿಸಿ. ಚರಂಡಿಯ ವಾಸನೆ ಬಂದರೆ ಮಾತ್ರ ನಾಲಗೆಗೆ ತಾಕಿಸಬೇಡಿ. ಸಂಪಿನ ಗೋಡೆ ಬಿರುಕುಬಿಟ್ಟು ಒಳಚರಂಡಿಯ ನೀರು ಸೇರುತ್ತಿರಬಹುದು. ಅಂಥ ನೀರಿನ ಬಳಕೆಯನ್ನು ಆ ಕ್ಷಣವೇ ನಿಲ್ಲಿಸಿ ಜಲಮಂಡಳಿಗೆ ದೂರು ಕೊಡಿ.

ಔಷಧಿಯ ವಾಸನೆ ಬಹುತೇಕ ಕ್ಲೋರಿನ್‌ನದು. ರೋಗಾಣುಗಳು ಬೆಳೆಯದಿರಲೆಂದು ಮನೆಯ ನಲ್ಲಿಯವರೆಗೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ; ಆದ್ದರಿಂದ ಅದಕ್ಕೆ ಹೆದರಬೇಕಾಗಿಲ್ಲ. ಅಗಲ ಬಾಯಿಯ ಪಾತ್ರೆಗೆ ತುಂಬಿ, ತೆಳು ಬಟ್ಟೆ ಮುಚ್ಚಿ ಕೆಲವು ಗಂಟೆ ಇಟ್ಟರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ.

ಉಪ್ಪು ರುಚಿಗೂ ಬೇಳೆ ಬೇಯದಿರುವುದಕ್ಕೂ ಕಾರಣ ಕೊಳವೆಬಾವಿಯ ಗಡಸು ನೀರಿರಬೇಕು. ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಅನುಮಾನವೇ ಬೇಡ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ಗಡಸುತನವೂ ಕೊಂಚ ಇಳಿಯುತ್ತದೆ. ಆದರೆ ಉಪ್ಪು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕಾವೇರಿ ನೀರು ಕುಡಿಯಲು, ಅಡುಗೆಗೆ. ಕೊಳವೆಬಾವಿಯ ನೀರು ಬಟ್ಟೆ, ಸ್ನಾನ, ಗಿಡಗಳಿಗೆ ಎಂದು ಬೇರ್ಪಡಿಸಿ, ಪ್ರತ್ಯೇಕ ತೊಟ್ಟಿಯೊಂದನ್ನು ಇಡಿಸಿಕೊಂಡರೆ ನಿಮ್ಮ ತೊಂದರೆ ಮುಕ್ಕಾಲುಪಾಲು ಅಲ್ಲಿಗೇ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೂಲದಲ್ಲಿ ಚೆನ್ನಾಗಿದ್ದ ನೀರು ಅಡುಗೆಮನೆಯ ನಲ್ಲಿಯಲ್ಲಿ ಮಣ್ಣಿನ ವಾಸನೆ ಬೀರಿದರೆ ಸಂಪು ಮತ್ತು ಮೇಲಿನ ತೊಟ್ಟಿಯಲ್ಲಿ ಕೆಸರು, ಪಾಚಿ ಸೇರಿದೆ ಎಂದೇ ತಿಳಿಯಿರಿ. ಆರು ತಿಂಗಳಿಗೊಮ್ಮೆ ಎರಡನ್ನೂ ಬರಿದು ಮಾಡಿ, ಉಜ್ಜಿ ತೊಳೆಸಿ, ಬೆಳಕು ಬೀಳದಂತೆ ಮುಚ್ಚಳವನ್ನು ಭದ್ರಪಡಿಸಿ. ಸಂಪಿನೊಳಗೆ ಗಾಳಿಯಾಡದಿರುವುದರಿಂದ ಯಾರನ್ನೂ ಒಬ್ಬಂಟಿಯಾಗಿ ಇಳಿಸಬೇಡಿ.

ಇನ್ನು ಆರ್‌ಓ ವಿಚಾರ. ಯಂತ್ರ ಮಾರುವ ಕೆಲವರು ನಿಮ್ಮ ನೀರಿಗೆ ಎರಡು ಲೋಹದ ಕಡ್ಡಿ ಅದ್ದಿ, ವಿದ್ಯುತ್ ಹಾಯಿಸಿ, ಅದು ಕಂದು ಬಣ್ಣಕ್ಕೆ ತಿರುಗುವುದನ್ನು ತೋರಿಸಿ ಹೆದರಿಸುತ್ತಾರೆ. ಆ ಬಣ್ಣ ಬರುವುದು ಕಬ್ಬಿಣದ ಕಡ್ಡಿಯಿಂದ, ನೀರಿನ ಕೊಳೆಯಿಂದಲ್ಲ. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಮಾನಕದ ಪ್ರಕಾರ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ಅವಕಾಶವಿದೆ. ಕಾವೇರಿ ನೀರೊಂದನ್ನೇ ಕುಡಿಯುವುದಾದರೆ ಇದ್ದಿಲಿನ ಫಿಲ್ಟರ್ ಜೊತೆಗೆ ಯುವಿ, ಅಂದರೆ ರೋಗಾಣುಗಳನ್ನು ಕೊಲ್ಲುವ ಅತಿನೇರಳೆ ದೀಪ, ಇರುವ ಸಾಧನ ಸಾಕು. ಆರ್‌ಓ ಯಂತ್ರ ಒಂದು ಲೀಟರ್ ನೀರು ಕೊಡಲು ಹಲವು ಬಾರಿ ಎರಡು–ಮೂರು ಲೀಟರನ್ನು ಹೊರಚೆಲ್ಲುತ್ತದೆ. ನೀರಿಗೆ ಪರದಾಡುವ ಊರಿನಲ್ಲಿ ಇದು ಸಣ್ಣ ನಷ್ಟವಲ್ಲ.

ಕೊಳವೆಬಾವಿಯ ನೀರನ್ನೇ ಕುಡಿಯಬೇಕಾದ ಪರಿಸ್ಥಿತಿ ಇದ್ದರೆ ಮಾತ್ರ ಪ್ರಯೋಗಾಲಯದಲ್ಲಿ ಫ್ಲೋರೈಡ್, ನೈಟ್ರೇಟ್ ಮತ್ತು ಕೋಲಿಫಾರ್ಮ್ (ಕೊಳಚೆ ಸೇರಿರುವ ಸುಳಿವು ಕೊಡುವ ಬ್ಯಾಕ್ಟೀರಿಯಾ) ಪರೀಕ್ಷೆಗಳನ್ನು ತಪ್ಪದೆ ಮಾಡಿಸಿ. ಇವು ಯಾವುವೂ ನಾಲಗೆಗೆ ತಿಳಿಯುವುದಿಲ್ಲ, ಟಿಡಿಎಸ್ ಮೀಟರಿನಲ್ಲಿಯೂ ಪ್ರತ್ಯೇಕವಾಗಿ ಕಾಣಿಸುವುದಿಲ್ಲ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಆಗ ಆರ್‌ಓ ಕೊಳ್ಳುವುದು ಸರಿಯಾದ ನಿರ್ಧಾರ.