ಬೀದರ್ ಕೋಟೆಗೆ ಸಿಮೆಂಟ್ ಬೇಡ

ಓದುಗರ ಪತ್ರ: ಬೀದರ್ ಕೋಟೆಯ ಗೋಡೆಯಲ್ಲಿ ಅರಳಿ ಗಿಡಗಳು ಎದ್ದಿವೆ. ನಮ್ಮ ಯುವಕ ಸಂಘದವರು ಅವನ್ನು ಕಿತ್ತು, ಬಿರುಕಿಗೆ ಸಿಮೆಂಟ್ ತುಂಬಬಹುದೇ? ಕೋಟೆ ಉಳಿಸುವುದಕ್ಕೆ ಸುತ್ತಲಿನ ಜಮೀನಿಗೂ ನಿರ್ಬಂಧ ಏಕೆ?

ಸಂಪಾದಕರ ಉತ್ತರ: ನಿಮ್ಮ ಹುಡುಗರ ಉತ್ಸಾಹ ಕೋಟೆಗೆ ಬೇಕೇ ಬೇಕು. ಸಿಮೆಂಟ್ ಮಾತ್ರ ಬೇಡ.

ಬಹಮನಿ ಸುಲ್ತಾನ ಅಹಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಕಾಲದಲ್ಲಿ, 1430ರ ಆಸುಪಾಸಿನಲ್ಲಿ, ಎದ್ದ ಕೋಟೆ ಇದು. ಕೆಂಪು ಮುರಕಲ್ಲಿನ ಮೈಯೆಲ್ಲ ಸಣ್ಣ ಸಣ್ಣ ತೂತು. ಮಳೆಗಾಲದಲ್ಲಿ ಅದು ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಕಲ್ಲುಗಳ ನಡುವೆ ಸುಣ್ಣದ ಗಚ್ಚು ತುಂಬಿದ ಸಂದಿಗಳ ಮೂಲಕ ಆ ತೇವವನ್ನು ಹೊರಗೆ ಬಿಡುತ್ತದೆ. ಸಂದಿಗೆ ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿತು. ನೀರು ಕಲ್ಲಿನ ಮೂಲಕವೇ ಆರಬೇಕಾಗುತ್ತದೆ, ಜೊತೆಗೆ ಬಂದ ಉಪ್ಪು ಮೇಲ್ಮೈಯಲ್ಲಿ ಹರಳುಗಟ್ಟಿ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಕೊನೆಗೆ ಸಿಮೆಂಟ್ ಪಟ್ಟಿ ಉಳಿದು ಕಲ್ಲು ಒಳಕ್ಕೆ ಸವೆದಿರುತ್ತದೆ.

ಗಿಡಗಳ ಮಾತು. ಪೆನ್ಸಿಲಿಗಿಂತ ತೆಳುವಾದದ್ದನ್ನು ಮಳೆ ಬಿದ್ದ ಮೇಲೆ, ಗಚ್ಚು ಮೆತ್ತಗಿರುವಾಗ, ಬೇರುಸಹಿತ ನಿಧಾನ ತೆಗೆಯಬಹುದು. ದಪ್ಪನಾದದ್ದನ್ನು ಎಳೆದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡವನ್ನು ಗೋಡೆಯ ಹತ್ತಿರ ಕತ್ತರಿಸಿ, ಹಸಿ ಗಾಯಕ್ಕೆ ತಕ್ಷಣ ಕಳೆನಾಶಕ ಹಚ್ಚಿ, ಬೇರು ಪೂರ್ತಿ ಸಾಯುವವರೆಗೆ ಕಾಯಬೇಕು. ಆಸಿಡ್ ಸುರಿಯುವವರಿದ್ದಾರೆ. ಅದು ಸುಣ್ಣವನ್ನೇ ಕರಗಿಸುತ್ತದೆ. ಸತ್ತ ಬೇರು ಕೊಳೆತಾಗ ಒಳಗೆ ಪೊಳ್ಳು ಉಳಿಯುವುದರಿಂದ ಅಲ್ಲಿಗೆ ತೆಳು ಸುಣ್ಣದ ಗಾರೆಯನ್ನು ಕೆಳಗಿನಿಂದ ಮೇಲಕ್ಕೆ ತುಂಬುತ್ತಾ ಬರಬೇಕು. ಈ ಕೊನೆಯ ಕೆಲಸ ಬಿಟ್ಟುಹೋದರೆ ಮುಂದೆ ಗೋಡೆ ಉಬ್ಬಬಹುದು.

ಸಂದಿ ತುಂಬಲು ನೀರಿನಲ್ಲಿ ಚೆನ್ನಾಗಿ ಅರಳಿ ಹದವಾದ ಸುಣ್ಣ ಒಂದು ಪಾಲು, ಮರಳು ಮತ್ತು ಸುರ್ಕಿ (ಇಟ್ಟಿಗೆ ಪುಡಿ) ಸೇರಿ ಎರಡೂವರೆಯಿಂದ ಮೂರು ಪಾಲು. ಹಳೆಯ ಗಚ್ಚನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಕೈ ಉಳಿಯಿಂದ ಕೆರೆದು, ನೀರು ಚಿಮುಕಿಸಿ, ಪದರಪದರವಾಗಿ ಒತ್ತಬೇಕು. ಆಮೇಲೆ ಒಂದು ವಾರವಾದರೂ ಹಸಿ ಗೋಣಿತಟ್ಟು. ಬಿಸಿಲಿಗೆ ಬೇಗ ಒಣಗಿದ ಗಾರೆ ಬಿರಿಯುತ್ತದೆ.

ಇನ್ನು ಜಮೀನು. ಕೋಟೆ ಗೋಡೆಗೇ ಮುಗಿಯುವುದಿಲ್ಲ. ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ ಉಂಟು, ಬೀದರಿನ ನೌಬಾದಿನಲ್ಲಿ ನೆಲದಡಿ ನೀರು ಹರಿಯುವ ಸುರಂಗ ಬಾವಿ ಉಂಟು. ಕಂದಕದ ಅಂಚಿಗೆ ಕಟ್ಟಡ ಬಂದರೆ ಚರಂಡಿ ನೀರು ಬುನಾದಿಗೆ ಇಳಿಯುತ್ತದೆ. ಕೊಳವೆಬಾವಿ ಕೊರೆದರೆ, ಸುರಂಗಕ್ಕೆ ಮೇಲಿನಿಂದ ಇಳಿಸಿದ ಗಾಳಿಗುಂಡಿಗೆ ಮಣ್ಣು ತುಂಬಿದರೆ ಸುರಂಗ ಬತ್ತುತ್ತದೆ. ಈ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡಕ್ಕೆ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಎಂದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯಲ್ಲೇ ಬರೆದಿದೆ. ಅಲ್ಲಿ ಮನೆಯಿದ್ದವರಿಗೆ ಇದು ಕಷ್ಟ, ನಿಜ. ದುರಸ್ತಿಗಾದರೂ ಅನುಮತಿ ಕೇಳಲು ಅವಕಾಶವಿದೆ.

ಗೋಡೆ ಮುಟ್ಟುವುದಕ್ಕೆ ನಿಮಗೂ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಲಿಖಿತ ಅನುಮತಿ ಬೇಕು. ಸದ್ಯಕ್ಕೆ ಪ್ರತಿ ಗಿಡದ ಪಕ್ಕ ಅಳತೆಪಟ್ಟಿ ಇಟ್ಟು, ಮಳೆಗಾಲದ ಮುಂಚೆ ಮತ್ತು ನಂತರ ಅದೇ ಜಾಗದಿಂದ ಫೋಟೊ ತೆಗೆಯಿರಿ. ಯಾವ ಬುರುಜು, ನೆಲದಿಂದ ಎಷ್ಟು ಎತ್ತರ ಎಂದು ಬರೆದು ಸರ್ವೇಕ್ಷಣೆಯ ಸ್ಥಳೀಯ ಸಂರಕ್ಷಣಾ ಸಹಾಯಕರಿಗೆ ಕೊಡಿ.